ಮನೆಯ ಹೊರಗೋಡೆ: ಹಾಸನ ಸೀಮೆಯ ಸುಣ್ಣ ಕೆಮ್ಮಣ್ಣುಗಳ ಚರಿತ್ರೆ

ಚರಿತ್ರೆ ಎಂದೊಡನೆ ನಮ್ಮ ಮನಸ್ಸು ಕೋಟೆ ಕೊತ್ತಲಗಳ ಕಡೆಗೂ ಶಿಲಾಶಾಸನಗಳ ಕಡೆಗೂ ತಿರುಗುವುದು ಸ್ವಾಭಾವಿಕ. ಹಾಸನ ಸೀಮೆಯವರಾದ ನಮಗಂತೂ ಇದು ಇನ್ನೂ ಸಹಜ. ಬೇಲೂರು, ಹಳೆಯಬೀಡು, ಶ್ರವಣಬೆಳಗೊಳಗಳನ್ನು ಮಡಿಲಲ್ಲಿಟ್ಟುಕೊಂಡಿರುವ ನಾಡಿನಲ್ಲಿ ಕಲ್ಲೇ ಮಾತನಾಡುತ್ತಿರುವಾಗ ಮಣ್ಣಿನ ಮಾತಿಗೆ ಕಿವಿಗೊಡುವವರು ಯಾರು? ಆದರೂ ಆ ಗುಡಿಗಳನ್ನು ಕಟ್ಟಿದವರು, ಅವುಗಳಿಗೆ ದತ್ತಿ ಬಿಟ್ಟವರು, ಅವುಗಳ ಮುಂದೆ ಕೈಮುಗಿದವರು, ಎಲ್ಲರೂ ರಾತ್ರಿ ಮಲಗಿದ್ದು ಮಣ್ಣಿನ ಗೋಡೆಯ ಮನೆಗಳಲ್ಲಿ. ಆ ಮನೆಗಳು ಉಳಿದಿಲ್ಲ. ಅವುಗಳನ್ನು ಮಳೆಯಿಂದ ಕಾಪಾಡಿದ ವಿದ್ಯೆಯೊಂದು ಮಾತ್ರ ತಾಯಿಯಿಂದ ಮಗಳಿಗೆ, ತಂದೆಯಿಂದ ಮಗನಿಗೆ ಇಳಿದು ಬಂದು ಇತ್ತೀಚಿನವರೆಗೂ ಬದುಕಿತ್ತು. ಮನೆಯ ಹೊರಗೋಡೆಯನ್ನು ಹದಗೊಳಿಸಿ ಸುಣ್ಣಬಣ್ಣ ಮಾಡುವ ಆ ವಿದ್ಯೆಯ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಉದ್ದೇಶಿಸಿದ್ದೇವೆ.

ಮೊದಲು ನೆಲವನ್ನು ನೋಡೋಣ. ಹಾಸನ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 3,100 ಅಡಿ ಎತ್ತರದಲ್ಲಿದೆ. ಅದರ ಪಶ್ಚಿಮಕ್ಕೆ ಮಲೆನಾಡು. ಪೂರ್ವಕ್ಕೆ ಚನ್ನರಾಯಪಟ್ಟಣದ ಕಡೆಗೆ ಬಯಲುಸೀಮೆ. ಹೊಳೆನರಸೀಪುರವು ಹೇಮಾವತಿಯ ದಡದಲ್ಲಿದೆ. ಅರಕಲಗೂಡು ಕೊಡಗಿನ ಗಡಿಗೆ ಸಮೀಪವಾದ ಅರೆಮಲೆನಾಡು. ಒಂದು ದಿನದ ಪ್ರಯಾಣದೊಳಗೆ ಮಳೆಯ ಪ್ರಮಾಣವೂ ಮಣ್ಣಿನ ಗುಣವೂ ಇಷ್ಟು ಬೇಗ ಬದಲಾಗುವ ಸೀಮೆಗಳು ವಿರಳ. ಆದಕಾರಣ ಹೊರಗೋಡೆಯ ಉಪಚಾರವೂ ಊರಿಂದೂರಿಗೆ ಬೇರೆಯಾಯಿತು. ಪಶ್ಚಿಮದ ಹಳ್ಳಿಗಳಲ್ಲಿ ಸೂರನ್ನು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿ, ಆಷಾಢ ಶ್ರಾವಣಗಳ ಇರಚಲು ಬಡಿಯುವ ಮಗ್ಗುಲಿಗೆ ಸೋಗೆಯ ತಟ್ಟಿಗಳನ್ನು ಕಟ್ಟುತ್ತಿದ್ದರು. ಪೂರ್ವದ ಬಯಲಿನಲ್ಲಿ ಸೂರು ಗಿಡ್ಡವಾದರೂ ನಡೆಯುತ್ತಿತ್ತು. ಅಲ್ಲಿ ಗೋಡೆಗೆ ಮಳೆಗಿಂತ ಬಿಸಿಲೇ ದೊಡ್ಡ ಶತ್ರು.

ಗೋಡೆಯ ಒಡಲು ಬಹುಮಟ್ಟಿಗೆ ಮಣ್ಣೇ. ಮಣ್ಣನ್ನು ನೀರಿನಲ್ಲಿ ನೆನೆಯಿಸಿ, ಹುಲ್ಲಿನ ಚೂರನ್ನೋ ಭತ್ತದ ಹೊಟ್ಟನ್ನೋ ಬೆರೆಸಿ, ಕಾಲಿನಿಂದ ತುಳಿದು, ಕೆಲವು ದಿನ ಕೊಳೆಯಲು ಬಿಟ್ಟು, ಆಮೇಲೆ ಸಾಲುಸಾಲಾಗಿ ಗೋಡೆಯನ್ನು ಏರಿಸುತ್ತಿದ್ದರು. ಒಂದು ಸಾಲು ಒಣಗಿ ಗಟ್ಟಿಯಾದಲ್ಲದೆ ಅದರ ಮೇಲೆ ಮತ್ತೊಂದನ್ನು ಇಡುವಂತಿರಲಿಲ್ಲ. ಅನುಕೂಲವಿದ್ದವರು ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆಯನ್ನೂ, ಇನ್ನೂ ಅನುಕೂಲವಿದ್ದವರು ಸುಟ್ಟ ಇಟ್ಟಿಗೆಯನ್ನೂ ಬಳಸಿದರು. ಹುತ್ತದ ಮಣ್ಣಿಗೆ ವಿಶೇಷವಾದ ಬೆಲೆ ಇತ್ತು. ಗೆದ್ದಲು ತನ್ನ ಜೊಲ್ಲಿನಿಂದ ನುಣ್ಣಗೆ ಅಂಟಿಸಿದ ಆ ಮಣ್ಣು ಬಿರುಕು ಬಿಡುವುದು ಕಡಮೆ ಎಂಬುದನ್ನು ನಮ್ಮ ಹಿರಿಯರು ಅನುಭವದಿಂದ ಅರಿತಿದ್ದರು. ಹಾಸನದ ಅಧಿದೇವತೆಯಾದ ಹಾಸನಾಂಬೆಯು ಹುತ್ತದ ರೂಪದಲ್ಲಿಯೇ ಪೂಜೆಗೊಳ್ಳುತ್ತಾಳೆ. ಮಣ್ಣನ್ನು ಕೀಳೆಂದು ಎಣಿಸದ ನಾಡು ಇದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮಣ್ಣಿನ ಗೋಡೆ ಎದ್ದು ನಿಂತರೆ ಕೆಲಸ ಅರ್ಧವಾದಂತೆ. ಉಳಿದರ್ಧವು ಅದರ ಮೈಯನ್ನು ಕಾಯುವುದು. ಇದಕ್ಕೆ ಕನ್ನಡದಲ್ಲಿ ಸಾರಣೆ ಕಾರಣೆ ಎಂಬ ಜೋಡುಮಾತಿದೆ. ಸಗಣಿಯನ್ನೂ ಮಣ್ಣನ್ನೂ ಕಲಸಿ ಬಳಿಯುವುದು ಸಾರಣೆ. ಅದರ ಮೇಲೆ ಸುಣ್ಣ ಕೆಮ್ಮಣ್ಣುಗಳಿಂದ ಪಟ್ಟೆ ಎಳೆದು ಅಂದಗೊಳಿಸುವುದು ಕಾರಣೆ. ಸಗಣಿಯಲ್ಲಿರುವ ಹುಲ್ಲಿನ ಎಳೆಗಳು ಮಣ್ಣನ್ನು ಹಿಡಿದು ಬಿರುಕನ್ನು ತಡೆಯುತ್ತವೆ. ಕೆಮ್ಮಣ್ಣು, ನಮ್ಮ ಹಳ್ಳಿಗಳ ಮಾತಿನಲ್ಲಿ ಜಾಜು, ಕಬ್ಬಿಣದ ತುಕ್ಕನ್ನೇ ಮೈಗೂಡಿಸಿಕೊಂಡ ಮಣ್ಣು. ಬಿಸಿಲಿಗೆ ಮಾಸದು, ಸುಣ್ಣದೊಡನೆ ಸೇರಿದರೂ ಕೆಡದು. ಸೊಪ್ಪಿನ ರಸದಿಂದಲೋ ಹೂವಿನಿಂದಲೋ ತೆಗೆದ ಬಣ್ಣಗಳನ್ನು ಸುಣ್ಣದ ಕ್ಷಾರವು ತಿಂದುಹಾಕುವುದರಿಂದ ಹೊರಗೋಡೆಗೆ ನಿಂತದ್ದು ಮಣ್ಣಿನ ಬಣ್ಣಗಳೇ. ದೇವಾಲಯದ ಪೌಳಿಗೋಡೆಗಳ ಮೇಲೆ ಇಂದಿಗೂ ಕಾಣುವ ಕೆಂಪು ಬಿಳಿ ಪಟ್ಟೆಗಳಿಗೆ ಭಕ್ತಿಯು ಹೇಗೋ ಹಾಗೆಯೇ ಈ ರಸಾಯನವೂ ಕಾರಣ.

ಈ ಸಾರಣೆಯ ಕೆಲಸವು ಬಹುತೇಕ ಹೆಂಗಸರದು. ಸುಗ್ಗಿ ಮುಗಿದು ಯುಗಾದಿ ಬರುವುದರೊಳಗಾಗಿ, ಮತ್ತೆ ಮಳೆ ಹಿಂದೆಗೆದು ದೀಪಾವಳಿ ಬರುವುದರೊಳಗಾಗಿ, ವರ್ಷಕ್ಕೆರಡು ಸಲ ಗೋಡೆಗೆ ಅವರ ಕೈ ತಾಗುತ್ತಿತ್ತು. ಬಿರುಕನ್ನು ಕೆರೆದು ನೀರು ಚಿಮುಕಿಸಿ ಮಣ್ಣು ತುಂಬುವುದು, ಗೆದ್ದಲಿನ ದಾರಿಯನ್ನು ಕಿತ್ತುಹಾಕುವುದು, ಮಳೆಯ ಹನಿ ಸಿಡಿದು ಸವೆದ ಬುಡಕ್ಕೆ ಹೊಸ ಮಣ್ಣು ಕೊಡುವುದು, ಇವೆಲ್ಲ ಹಬ್ಬದ ಸಡಗರದ ಒಳಗೇ ಅಡಗಿ ಹೋಗುತ್ತಿದ್ದ ದುರಸ್ತಿ. ಹಬ್ಬವು ಬಾರದೆ ಇರುವುದಿಲ್ಲ. ಆದ್ದರಿಂದ ದುರಸ್ತಿಯೂ ತಪ್ಪುತ್ತಿರಲಿಲ್ಲ. ಯಾವ ಮರಾಮತ್ತು ಇಲಾಖೆಯೂ ಇದಕ್ಕಿಂತ ನಿಯತವಾದ ಪಂಚಾಂಗವನ್ನು ಇಟ್ಟುಕೊಂಡಿರಲಾರದು. ಈ ಶ್ರಮಕ್ಕೆ ಕೂಲಿಯಿರಲಿಲ್ಲ, ಲೆಕ್ಕವಿರಲಿಲ್ಲ. ಆದಕಾರಣ ಯಾವ ಕಡತದಲ್ಲಿಯೂ ಇದರ ಹೆಸರಿಲ್ಲ.

ಇನ್ನು ಸುಣ್ಣದ ವಿಚಾರ. ಸುಣ್ಣವೆಂಬುದು ಸಂಸ್ಕೃತದ ಚೂರ್ಣ ಶಬ್ದದ ತದ್ಭವ. ಅದೇ ಭಾಷೆಯಲ್ಲಿ ಸುಣ್ಣಕ್ಕೆ ಸುಧಾ ಎಂಬ ಇನ್ನೊಂದು ಹೆಸರಿದೆ. ಸುಧೆಯನ್ನು ಬಳಿದ ಮನೆಯೇ ಸೌಧ. ಬೆಂಗಳೂರಿನಲ್ಲಿ 1956ರಲ್ಲಿ ಮುಗಿದ ಕಲ್ಲಿನ ವಿಧಾನಸೌಧಕ್ಕೂ ಸುಣ್ಣದ ಹೆಸರೇ ಅಂಟಿಕೊಂಡಿರುವುದು ಸ್ವಾರಸ್ಯವಾಗಿದೆ. ಸುಣ್ಣಕಲ್ಲನ್ನೋ ಚಿಪ್ಪನ್ನೋ ಸೌದೆ ಇದ್ದಲುಗಳೊಡನೆ ಗೂಡಿನಲ್ಲಿ ಪದರಪದರವಾಗಿ ಒಟ್ಟಿ ಸುಮಾರು 900 ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಸುಟ್ಟರೆ, 100 ಸೇರು ಶುದ್ಧವಾದ ಕಲ್ಲಿನಲ್ಲಿ 44 ಸೇರು ಇಂಗಾಲಾಮ್ಲ ವಾಯುವಾಗಿ ಹೊರಟುಹೋಗಿ 56 ಸೇರು ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹೊಯ್ದರೆ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಗೋಡೆಗೆ ಬಳಿದಾಗ ಅದು ಗಾಳಿಯಿಂದ ಅದೇ ವಾಯುವನ್ನು ಮರಳಿ ಹೀರಿಕೊಂಡು ಮೆಲ್ಲಮೆಲ್ಲನೆ ಮತ್ತೆ ಕಲ್ಲಾಗುತ್ತದೆ. ಬಡವನ ಮಣ್ಣಿನ ಗೋಡೆಯ ಮೇಲೂ ತೆಳುವಾದ ಕಲ್ಲಿನ ಹೊದಿಕೆ ಬೆಳೆಯುತ್ತದೆಂದರೆ ಅತಿಶಯೋಕ್ತಿಯಲ್ಲ.

ಸುಣ್ಣ ಸುಡುವುದು, ಉಪ್ಪು ಬೇಯಿಸುವುದು, ಗೋಡೆ ಕಟ್ಟುವುದು, ಈ ಮೂರು ಕಸುಬುಗಳೊಡನೆ ಉಪ್ಪಾರರ ಹೆಸರು ಮೈಸೂರು ಸೀಮೆಯಲ್ಲಿ ಬಹುಕಾಲದಿಂದ ಸೇರಿಕೊಂಡಿದೆ. ಉಪ್ಪುಮಣ್ಣಿನ ಗುಣವನ್ನು ಬಲ್ಲವರಿಗೇ ಗೋಡೆಯಲ್ಲಿ ಉಪ್ಪೇಳುವ ರೋಗವೂ ತಿಳಿದಿರುವುದು ಸಹಜವಷ್ಟೆ. ಸುಣ್ಣಕ್ಕೆ ಮರಳನ್ನೋ ಇಟ್ಟಿಗೆಯ ಪುಡಿಯನ್ನೋ ಕೂಡಿಸಿ, ಎತ್ತು ಎಳೆಯುವ ಗಾಣದಲ್ಲಿ ಕಲ್ಲಿನ ಚಕ್ರದಿಂದ ಅರೆದು ತೆಗೆದದ್ದು ಗಾರೆ. ಅದಕ್ಕೆ ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಮುಂತಾದವನ್ನು ಬೆರೆಸುವ ಪದ್ಧತಿ ದಕ್ಷಿಣ ದೇಶದಲ್ಲೆಲ್ಲ ಇತ್ತು. ಗಾರೆಯ ಗೋಡೆ ಶ್ರೀಮಂತರದು, ಮಠಮಾನ್ಯಗಳದು. ಕೇರಿಯ ಗುಡಿಸಲಿಗೆ ದೊರೆತದ್ದು ಮಣ್ಣು ಸಗಣಿಗಳಷ್ಟೆ. ಒಂದು ಬೀದಿಯ ಹೊರಗೋಡೆಗಳನ್ನು ನೋಡಿದರೆ ಆ ಊರಿನ ಐಶ್ವರ್ಯವು ಹೇಗೆ ಹಂಚಿಹೋಗಿತ್ತೆಂಬುದನ್ನು ಓದಬಹುದಾಗಿತ್ತು. ಸುಣ್ಣವು ಕಾಯುವಂತೆಯೇ ಸುಡುತ್ತದೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ಗಾದೆಯು ಸುಣ್ಣದ ಈ ಸುಡುವ ಗುಣವನ್ನೇ ನೆನಪಿಸುತ್ತದೆ.

ಗೋಡೆಯನ್ನು ಹದಗೊಳಿಸುವ ವಿಚಾರವಾಗಿ ನಮ್ಮಲ್ಲಿ ಶಾಸ್ತ್ರಗ್ರಂಥಗಳೂ ಇಲ್ಲದಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವು ಚಿತ್ರ ಬರೆಯುವ ಭಿತ್ತಿಯನ್ನು ಸಿದ್ಧಪಡಿಸುವ ಕ್ರಮವನ್ನು ವಿವರಿಸುತ್ತದೆ. ಗೋಡೆಯನ್ನು ಮಟ್ಟಸವಾಗಿ ನಯಗೊಳಿಸಬೇಕು. ಎಮ್ಮೆಯ ಚರ್ಮವನ್ನು ಬೆಣ್ಣೆಯಂತಾಗುವವರೆಗೆ ಬೇಯಿಸಿ ತಯಾರಿಸಿದ ವಜ್ರಲೇಪವೆಂಬ ಅಂಟನ್ನು ಬಿಳಿಯ ಮಣ್ಣಿನೊಡನೆ ಬೆರೆಸಿ ಮೂರು ಸಲ ಬಳಿಯಬೇಕು. ಒಂದು ಲೇಪ ಒಣಗಿದ ಮೇಲೆಯೇ ಇನ್ನೊಂದು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಅದನ್ನು ಮಾಡಿಸಿದ ಹೊಯ್ಸಳ ವಿಷ್ಣುವರ್ಧನನೂ ಸೋಮೇಶ್ವರನೂ ಒಂದೇ ಕಾಲದವರು. ಚಕ್ರವರ್ತಿಯ ಗ್ರಂಥದಲ್ಲಿರುವ ಮೂಲಸೂತ್ರವೂ ಹಳ್ಳಿಯ ಮುತ್ತಜ್ಜಿಯ ಕೈಯಲ್ಲಿದ್ದ ಸೂತ್ರವೂ ಒಂದೇ: ಒಡಲು ಒಣಗಿರಬೇಕು, ಮೈ ಶುದ್ಧವಾಗಿರಬೇಕು, ಲೇಪ ತೆಳುವಾಗಿರಬೇಕು, ನಡುವೆ ಬಿಡುವು ಕೊಡಬೇಕು. ಶ್ರವಣಬೆಳಗೊಳದ ಜೈನಮಠದ ಗೋಡೆಗಳ ಮೇಲೆ ತೀರ್ಥಂಕರರ ಚರಿತ್ರೆಯೊಡನೆ ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರೂ ಚಿತ್ರಿತವಾಗಿ ಉಳಿದಿರುವುದು ಇಂಥ ಹದವರಿತ ಗೋಡೆಯ ಪುಣ್ಯದಿಂದ.

ಸುಣ್ಣದ ಮೇಲಿನ ಪ್ರೀತಿ ಮಿತಿಮೀರಿ ಕೆಟ್ಟದ್ದನ್ನೂ ಹೇಳಬೇಕು. ಬಳಪದ ಕಲ್ಲಿನ ಗುಡಿಗಳಿಗೆ ಸುಣ್ಣ ಬೇಕಿರಲಿಲ್ಲ. ಆದರೂ ಹಬ್ಬ ಜಾತ್ರೆಗಳಲ್ಲಿ ಮನೆಗೆ ಬಳಿದಂತೆಯೇ ಗುಡಿಗೂ ಬಳಿದು, ಶತಮಾನಗಳ ಪದರಗಳ ಅಡಿಯಲ್ಲಿ ಕೆತ್ತನೆಯನ್ನೂ ಅಕ್ಷರಗಳನ್ನೂ ಹುಗಿದದ್ದುಂಟು. 1885ರಲ್ಲಿ ಸ್ಥಾಪಿತವಾದ ಮೈಸೂರು ಪ್ರಾಕ್ತನ ಶೋಧನ ಇಲಾಖೆಯವರೂ, ಹಾಸನ ಜಿಲ್ಲೆಯ ಶಾಸನ ಸಂಪುಟವನ್ನು 1902ರಲ್ಲಿ ಪ್ರಕಟಿಸಿದ ರೈಸ್ ಮಹಾಶಯರೂ ಓದಿದ ಅಕ್ಷರಗಳ ಮೌಲ್ಯವನ್ನು ನೆನೆದಾಗ, ಸುಣ್ಣದ ಪದರದಡಿಯಲ್ಲಿ ಅಡಗಿದ ಒಂದು ಸಾಲು ಎಷ್ಟು ದೊಡ್ಡ ನಷ್ಟವೆಂಬುದು ಮನಸ್ಸಿಗೆ ಹತ್ತುತ್ತದೆ. ಮಣ್ಣಿಗೆ ಅಮೃತವಾದದ್ದು ಕಲ್ಲಿಗೂ ಅಮೃತವಾಗಬೇಕೆಂಬ ನಿಯಮವಿಲ್ಲ. ಈ ಮಾತನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೊರಗೋಡೆಯ ಚರಿತ್ರೆ ತಿರುವು ಪಡೆಯಿತು. ಮೊದಲ ಕಾರಣ ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಚಪ್ಪಟೆ ಹೆಂಚು ಘಟ್ಟವನ್ನೇರಿ ಬಂದು ಹುಲ್ಲು ಸೋಗೆಗಳನ್ನೂ ನಾಡಹೆಂಚನ್ನೂ ಹಿಂದಕ್ಕೆ ತಳ್ಳಿತು. ಎರಡನೆಯ ಕಾರಣ ರೋಗ. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು ಸಂಸ್ಥಾನದಲ್ಲೆಲ್ಲ ಹರಡಿದಾಗ, ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಮನೆಗಳಿಗೆ ಬಿಸಿಲು ಬೀಳುವಂತೆ ಹೆಂಚು ತೆಗೆಯಿಸಿ, ಗೋಡೆಗೆ ಸುಣ್ಣ ಬಳಿಯಿಸುವುದು ಸರ್ಕಾರದ ಕ್ರಮಗಳಲ್ಲಿ ಒಂದಾಯಿತು. ಹಬ್ಬದ ಸುಣ್ಣವು ಹೀಗೆ ಆರೋಗ್ಯ ಶಾಸ್ತ್ರದ ಸುಣ್ಣವೂ ಆಯಿತು. ಅದರ ತೀಕ್ಷ್ಣವಾದ ಕ್ಷಾರಕ್ಕೆ ಕ್ರಿಮಿಗಳನ್ನು ಕೊಲ್ಲುವ ಶಕ್ತಿಯಿರುವುದು ನಿಜವೇ. ಆದರೆ ಪ್ಲೇಗನ್ನು ಹರಡಿದ್ದು ಇಲಿಯ ಮೈಯ ಚಿಗಟವಾದ್ದರಿಂದ ಬಿಳಿಯ ಗೋಡೆಯೊಂದೇ ಆ ಮಾರಿಯನ್ನು ತಡೆಯುವಂತಿರಲಿಲ್ಲ.

ಮೂರನೆಯ ಕಾರಣ ರೈಲು. ಮೈಸೂರಿನಿಂದ ಹೊಳೆನರಸೀಪುರ, ಹಾಸನಗಳ ಮೇಲೆ ಅರಸೀಕೆರೆಗೆ ಹೋಗುವ ದಾರಿ ತೆರೆದ ಮೇಲೆ ಡಬ್ಬಿಯ ಬಣ್ಣ, ಅಗಸೆಯ ಎಣ್ಣೆ, ಆಮೇಲೆ ಸಿಮೆಂಟಿನ ಮೂಟೆ, ಇವೆಲ್ಲ ಊರ ಬಾಗಿಲಿಗೇ ಬಂದವು. ಭದ್ರಾವತಿಯ ಕಾರ್ಖಾನೆಯಲ್ಲಿ 1930ರ ದಶಕದ ಕೊನೆಗೆ ಸಿಮೆಂಟು ತಯಾರಾಗತೊಡಗಿತು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಹುಟ್ಟಿತು. ಚುನಾವಣೆಯಲ್ಲಿ ಮತದಾರನ ಬೆರಳಿಗೆ ಹಚ್ಚುವ ಅಳಿಯದ ಶಾಯಿಯನ್ನು 1962ರಿಂದ ತಯಾರಿಸುತ್ತಿರುವುದು ಈ ಸಂಸ್ಥೆಯೇ. ಸ್ವಾತಂತ್ರ್ಯಾನಂತರ ಸಿಮೆಂಟ್ ಪೇಂಟು, ಡಿಸ್ಟೆಂಪರು, ಇತ್ತೀಚೆಗೆ ಪ್ಲಾಸ್ಟಿಕ್ ಬಣ್ಣಗಳು ಒಂದರ ಹಿಂದೊಂದು ಬಂದವು. 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ ಆರಂಭವಾದಾಗ ಗೋಡೆಗೊಂದು ಹೊಸ ಕೆಲಸವೂ ಬಿದ್ದಿತು. ಡಿ.ಡಿ.ಟಿ. ಸಿಂಪಡಿಸಿದ ಗೋಡೆಯ ಮೇಲೆ ಕೂತ ಸೊಳ್ಳೆ ಸಾಯಬೇಕು. ಆದರೆ ಹಬ್ಬ ಬಂತೆಂದು ಅದರ ಮೇಲೆ ಸುಣ್ಣ ಸಾರಣೆಗಳನ್ನು ಬಳಿದರೆ ಔಷಧವು ಮುಚ್ಚಿಹೋಗುವುದು. ಸರ್ಕಾರದ ಪಂಚಾಂಗಕ್ಕೂ ಗೃಹಿಣಿಯ ಪಂಚಾಂಗಕ್ಕೂ ಹೀಗೆ ಗೋಡೆಯ ಮೇಲೆಯೇ ವಿರೋಧ ಹುಟ್ಟಿತು.

ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು ಅನೇಕ ಹಳ್ಳಿಗಳನ್ನು ನೀರಿನೊಳಗೆ ಇಳಿಸಿತು. ಹಾಸನದ ಸಮೀಪದ ಶೆಟ್ಟಿಹಳ್ಳಿಯಲ್ಲಿ 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಇಟ್ಟಿಗೆ ಗಾರೆಯ ಇಗರ್ಜಿ ಅಂದಿನಿಂದ ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ಏಳುತ್ತಿದೆ. ಅದರ ಗಾರೆಗೆ ಬೆಲ್ಲವನ್ನೂ ಮೊಟ್ಟೆಯನ್ನೂ ಬೆರೆಸಿದ್ದರೆಂದು ಜನರು ಹೇಳುತ್ತಾರೆ. ಚಾವಣಿಯಿಲ್ಲದೆ, ಸುಣ್ಣ ಬಳಿಯುವವರಿಲ್ಲದೆ, ವರ್ಷವರ್ಷವೂ ನೀರಿನಲ್ಲಿ ನೆನೆದು ಬಿಸಿಲಿನಲ್ಲಿ ಒಣಗಿದರೂ ಆ ಗೋಡೆಗಳು ದಶಕಗಳ ಕಾಲ ನಿಂತದ್ದು ಗಾರೆಯ ಸತ್ತ್ವವನ್ನು ಸಾರುತ್ತದೆ. ಅವುಗಳಲ್ಲಿ ಕೆಲವು ಭಾಗಗಳು ಕುಸಿದಿರುವುದು ಆರೈಕೆಯಿಲ್ಲದ ಗೋಡೆಯ ಗತಿಯನ್ನು ಸಾರುತ್ತದೆ. ಅದೇ ನೀರಿನಲ್ಲಿ ಮುಳುಗಿದ ಮಣ್ಣಿನ ಮನೆಗಳ ಗುರುತು ಮಾತ್ರ ಯಾರಿಗೂ ಕಾಣಸಿಗುವುದಿಲ್ಲ. ಅವು ಬಂದ ನೆಲಕ್ಕೇ ಮರಳಿದವು.

ಈಗ ಪ್ರಕೃತಕ್ಕೆ ಬರೋಣ. ಹಾಸನದ ಹಳೆಯ ಬೀದಿಗಳಲ್ಲಿಯೂ, ಹೊಳೆನರಸೀಪುರದ ಕೋಟೆಯ ಬೀದಿಗಳಲ್ಲಿಯೂ, ಅರಕಲಗೂಡು ಚನ್ನರಾಯಪಟ್ಟಣಗಳ ಸುತ್ತಣ ಹಳ್ಳಿಗಳಲ್ಲಿಯೂ ಮಣ್ಣಿನ ಗೋಡೆಯ ತೊಟ್ಟಿಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಅವುಗಳ ಯಜಮಾನರು ಮನೆ ಗಟ್ಟಿಯಾಗಲೆಂಬ ಸದುದ್ದೇಶದಿಂದಲೇ ಮಣ್ಣಿನ ಮೇಲೆ ಸಿಮೆಂಟ್ ಗಿಲಾವು ಮಾಡಿಸಿ, ಅದರ ಮೇಲೆ ಪ್ಲಾಸ್ಟಿಕ್ ಬಣ್ಣ ಹೊಡೆಸುತ್ತಾರೆ. ಮೊದಲೆರಡು ವರ್ಷ ಗೋಡೆ ಥಳಥಳಿಸುತ್ತದೆ. ಮಣ್ಣು ಮಳೆಗಾಲದಲ್ಲಿ ನೆಲದಿಂದ ತೇವವನ್ನು ಹೀರಿ ಬೇಸಗೆಯಲ್ಲಿ ಬಿಡುವ ಪದಾರ್ಥ. ಸುಣ್ಣದ ಹೊದಿಕೆ ಆ ತೇವವನ್ನು ಹೊರಗೆ ಹೋಗಗೊಡುತ್ತದೆ, ಸಿಮೆಂಟು ತಡೆಯುತ್ತದೆ. ಒಳಗೆ ಸೆರೆಸಿಕ್ಕ ತೇವವು ಮಣ್ಣನ್ನು ಮೆದುವಾಗಿಸಿ, ಉಪ್ಪನ್ನು ಮೇಲಕ್ಕೆ ತಂದು, ಒಂದು ದಿನ ಗಿಲಾವನ್ನು ಹಲಗೆಹಲಗೆಯಾಗಿ ಉದುರಿಸುತ್ತದೆ. ಮಣ್ಣಿನ ಮನೆ ಬಾಳುವುದಿಲ್ಲವೆಂದು ಆಮೇಲೆ ಅದನ್ನು ಕೆಡವುತ್ತಾರೆ. ಕಲ್ಲಿನ ಗುಡಿಗೆ ಸುಣ್ಣ ಬಳಿದ ಹಿಂದಿನವರ ತಪ್ಪಿಗೂ ಮಣ್ಣಿನ ಮನೆಗೆ ಸಿಮೆಂಟು ಬಳಿಯುವ ಇಂದಿನವರ ತಪ್ಪಿಗೂ ಮೂಲ ಒಂದೇ: ಒಡಲಿನ ಗುಣವನ್ನರಿಯದ ಹೊದಿಕೆ.

ಆದ್ದರಿಂದ ಹಳೆಯ ಮನೆಯುಳ್ಳವರು ಮೊದಲು ಗೋಡೆಯ ಒಡಲು ಯಾವುದೆಂದು ಗೊತ್ತುಮಾಡಿಕೊಳ್ಳುವುದು ಮೇಲು. ಮಣ್ಣಾದರೆ ಮಣ್ಣು ಸುಣ್ಣಗಳಿಂದಲೇ ದುರಸ್ತಿ ಮಾಡಿಸಬೇಕು. ಬಳಿಯುವ ಸುಣ್ಣವನ್ನು, ಸುಟ್ಟ ಸುಣ್ಣ ಒಂದು ಕಿಲೋಗ್ರಾಮಿಗೆ ಸುಮಾರು 5 ಲೀಟರು ನೀರಿನಂತೆ ಅರಳಿಸಿ, ಒಂದು ಹಗಲು ಒಂದು ರಾತ್ರಿ ಬಿಟ್ಟು, ಒರಟು ಬಟ್ಟೆಯಲ್ಲಿ ಶೋಧಿಸಿ, ಬಿಸಿನೀರಿನಲ್ಲಿ ಕರಗಿಸಿದ ಅಂಟನ್ನು ಬೆರೆಸಬೇಕು. ಸಡಿಲವಾದ ಹಳೆಯ ಪದರವನ್ನು ಕೆರೆದು, ಗೋಡೆಯನ್ನು ನೀರಿನಿಂದ ತೋಯಿಸಿ, ತೆಳುವಾಗಿ ಎರಡು ಮೂರು ಸಲ ಬಳಿಯಬೇಕು. ಕಣ್ಣನ್ನೂ ಕೈಯನ್ನೂ ಕಾಪಾಡಿಕೊಳ್ಳಬೇಕು. ಹೊಸ ಸಿಮೆಂಟಿನ ಗೋಡೆಯಾದರೆ ಗಿಲಾವಿಗೆ ಕನಿಷ್ಠ ಒಂದು ವಾರ ನೀರು ಹಾಕಿ, ಸುಮಾರು ಒಂದು ತಿಂಗಳು ಒಣಗಲು ಬಿಟ್ಟು, ಬಿರುಕು ತುಂಬಿ, ಮೊದಲ ಲೇಪ ಕೊಟ್ಟು, ಆಮೇಲೆ ಬಣ್ಣದ ಮಾತು. ಸುಣ್ಣದ ಪುಡಿ ಉದುರುವ ಗೋಡೆಯ ಮೇಲೆ ಪ್ಲಾಸ್ಟಿಕ್ ಬಣ್ಣ ನಿಲ್ಲದು. ಹಳೆಯ ಎಣ್ಣೆಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಬಾರದು, ಅದರಲ್ಲಿ ಸೀಸವಿರಬಹುದು. ಮನೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಕೂಡದೆಂಬ ನಿಯಮವು ನಮ್ಮ ದೇಶದಲ್ಲಿ 2017ರ ನವೆಂಬರಿನಿಂದ ಜಾರಿಗೆ ಬಂದಿದೆ. ಅದಕ್ಕೆ ಹಿಂದಿನ ಲೇಪಗಳಿಗೆ ಈ ರಕ್ಷಣೆಯಿರಲಿಲ್ಲ. ಯಾವ ಗೋಡೆಗಾದರೂ ಮಳೆಗಾಲ ಮುಗಿದು ಒಡಲು ಒಣಗಿದ ಮೇಲಿನ ತಿಂಗಳುಗಳೇ ಪ್ರಶಸ್ತ.

ಮನೆ ಕಟ್ಟಿ ನೋಡು ಎಂದು ನಮ್ಮವರು ಹೇಳಿದ್ದು ಕಟ್ಟುವ ಕಷ್ಟವನ್ನು ನೆನೆದು. ಕಟ್ಟಿದ್ದನ್ನು ಉಳಿಸಿಕೊಳ್ಳುವ ಕಷ್ಟವನ್ನು ಅವರು ಗಾದೆಯಲ್ಲಿ ಹೇಳದೆ ಹಬ್ಬದಲ್ಲಿ ಅಳವಡಿಸಿದರು. ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ಆಶ್ವಯುಜದ ಹುಣ್ಣಿಮೆಯಾದ ಮೇಲಿನ ಗುರುವಾರ ತೆರೆದು ಬಲಿಪಾಡ್ಯಮಿಯ ಬಳಿಕ ಮುಚ್ಚುತ್ತದೆ. ಮಳೆ ನಿಂತು, ಗೋಡೆ ಒಣಗಿ, ಸುಣ್ಣಕ್ಕೆ ಹದವಾದ ಕಾಲವೂ ಅದೇ. ಈ ಸೀಮೆಯಲ್ಲಿ ಸುಣ್ಣ ಸುಡಬಲ್ಲವರೂ ಗಾರೆ ಅರೆಯಬಲ್ಲವರೂ ಸಾರಣೆಯ ಹದ ಬಲ್ಲ ಮುದುಕಿಯರೂ ಇನ್ನೂ ಕೆಲವರು ಇರುವಾಗಲೇ ನಮ್ಮ ಕಾಲೇಜುಗಳ ಚರಿತ್ರೆಯ ವಿದ್ಯಾರ್ಥಿಗಳು ಅವರ ಬಳಿ ಕುಳಿತು ಕೇಳಿ ಬರೆದುಕೊಳ್ಳುವುದು ಅಗತ್ಯ. ಶಾಸನಗಳು ಕಲ್ಲಿನಲ್ಲಿರುವುದರಿಂದ ನಾಳೆಗೂ ಸಿಕ್ಕಾವು; ಈ ವಿದ್ಯೆ ಮಾತ್ರ ಬಲ್ಲವರೊಡನೆಯೇ ಹೊರಟುಹೋಗುತ್ತದೆ.